ಕೆಂಪು ಹೂವು, ಧೋನಿ ಗ್ಲೌಸು ಮತ್ತು ನಮ್ಮ ಮಿಲಿಟರಿ ಮಾಮ

ಚಿಕ್ಕ ಗಡಿಯಾರದಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ನಮ್ಮ ಗಲ್ಲಿ. ದೇವರಾಜ ಮೊಹಲ್ಲಾದ ಎಲ್ಲ ಹಳೇ ಗಲ್ಲಿಗಳ ಹಾಗೆ ಇಲ್ಲೂ ಒಂದು ಕಾಫಿ ಅಂಗಡಿ, ಅದರೊಳಗೊಂದು ಟಿವಿ, ಟಿವಿ ಮುಂದೆ ಕೂತು ಇಡೀ ಜಗತ್ತಿಗೆ ತೀರ್ಪು ಕೊಡುವ ನಾವು ನಾಲ್ಕಾರು ಜನ. ನಮ್ಮ ಗುಂಪಿನಲ್ಲಿ ಕಡಿಮೆ ಮಾತಾಡುವವರು ಅಂದರೆ ಮಿಲಿಟರಿ ಮಾಮ ಒಬ್ಬರೇ. ಇಡೀ ಗಲ್ಲಿಗೆ ಅವರು ಮಾಮನೇ. 1971ರ ಯುದ್ಧದ ಹೊತ್ತಿಗೆ ಸೈನ್ಯದಲ್ಲಿದ್ದವರು, ಸುಬೇದಾರ್ ಆಗಿ ರಿಟೈರ್ ಆದವರು. ಅರ್ಧ ಲೋಟ ಕಾಫಿ, ಒಂದು ಪೇಪರ್, ಅಷ್ಟೇ.

2025ರ ನವೆಂಬರ್‌ನಲ್ಲಿ ಟಿವಿಯಲ್ಲಿ ಸುದ್ದಿ ಬಂತು. ಸೂರ್ಯಕುಮಾರ್ ಯಾದವ್‌ಗೆ ಐಸಿಸಿ ಪಂದ್ಯದ ಸಂಭಾವನೆಯಲ್ಲಿ ಶೇ. 30ರಷ್ಟು ದಂಡ ಹಾಕಿದೆ ಅಂತ. ಸೆಪ್ಟೆಂಬರ್ 14ರಂದು ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿದ ಮೇಲೆ ಆತ ಪಹಲ್ಗಾಮ್‌ನಲ್ಲಿ ಸತ್ತವರ ಕುಟುಂಬಗಳ ಜೊತೆ ನಾವಿದ್ದೇವೆ ಎಂದಿದ್ದ, ಗೆಲುವನ್ನು ನಮ್ಮ ಸೇನೆಗೆ ಅರ್ಪಿಸಿದ್ದ. ಏಪ್ರಿಲ್ 22ರಂದು ಅಲ್ಲಿ ಸತ್ತವರಲ್ಲಿ ಶಿವಮೊಗ್ಗದವರೂ ಇದ್ದರು, ಬೆಂಗಳೂರಿನವರೂ ಇದ್ದರು. ಇದು ತಪ್ಪೇ? ಅದೇ ಟೂರ್ನಿಯಲ್ಲಿ ಪಾಕಿಸ್ತಾನದ ಹ್ಯಾರಿಸ್ ರೌಫ್‌ಗೂ ಮೈದಾನದಲ್ಲಿ ಮಾಡಿದ ಸನ್ನೆಗಳಿಗಾಗಿ ದಂಡ ಬಿತ್ತು ಅನ್ನಿ. ಆದರೆ ನಾವು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಎಂದಿನಂತೆ ನನ್ನ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಮಾಮ ಪೇಪರ್ ಕೆಳಗಿಟ್ಟು ಕೇಳಿದರು, "ಅಲ್ಲಪ್ಪಾ, ಎರಡು ವರ್ಷದ ಹಿಂದೆ ಆ ಖವಾಜಾಗೆ ಬೈದಾಗ ನೀನೇ ಅಲ್ವಾ ರೂಲ್ಸ್ ಅಂದ್ರೆ ರೂಲ್ಸ್ ಅಂದಿದ್ದು?"

ನನಗೆ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. 2019ರ ಜೂನ್ 5, ಸೌತಾಂಪ್ಟನ್‌ನಲ್ಲಿ ವಿಶ್ವಕಪ್‌ನ ನಮ್ಮ ಮೊದಲ ಪಂದ್ಯ, ದಕ್ಷಿಣ ಆಫ್ರಿಕಾ ವಿರುದ್ಧ. ಧೋನಿ ಸ್ಟಂಪ್ ಮಾಡಿದಾಗ ಗ್ಲೌಸಿನ ಮೇಲೆ ಒಂದು ಕಠಾರಿಯ ಚಿಹ್ನೆ ಕಾಣಿಸಿತು. ಪ್ಯಾರಾ ಸ್ಪೆಷಲ್ ಫೋರ್ಸಸ್‌ನವರ 'ಬಲಿದಾನ್' ಚಿಹ್ನೆಯನ್ನು ಹೋಲುವಂಥದ್ದು. ಐಸಿಸಿ ತೆಗೆಯಿರಿ ಎಂದಿತು. ಬಿಸಿಸಿಐ ಅನುಮತಿ ಕೇಳಿತು, ಐಸಿಸಿ ಒಪ್ಪಲಿಲ್ಲ. ಮುಂದಿನ ಪಂದ್ಯಕ್ಕೆ ಧೋನಿ ಯಾವ ಚಿಹ್ನೆಯೂ ಇಲ್ಲದ ಗ್ಲೌಸ್ ಹಾಕಿಕೊಂಡು ಬಂದ. ಆತ ಏನೂ ಗಲಾಟೆ ಮಾಡಲಿಲ್ಲ. ಗಲಾಟೆ ಮಾಡಿದ್ದು ನಾನು. ವಾಟ್ಸಾಪ್ ಡಿಪಿಗೆ ಆ ಕಠಾರಿ ಹಾಕಿಕೊಂಡು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದೆ.

2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಉಸ್ಮಾನ್ ಖವಾಜಾ ಪರ್ತ್ ಟೆಸ್ಟ್‌ಗೆ ಮುಂಚೆ ಶೂ ಮೇಲೆ ಎಲ್ಲ ಜೀವಗಳೂ ಸಮಾನ, ಸ್ವಾತಂತ್ರ್ಯ ಮನುಷ್ಯರ ಹಕ್ಕು ಅಂತ ಬರೆದುಕೊಂಡ. ಗಾಜಾದಲ್ಲಿ ಸಾಯುತ್ತಿದ್ದವರಿಗಾಗಿ. ಅದಕ್ಕೆ ಅವಕಾಶ ಕೊಡಲಿಲ್ಲ. ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದ, ಅದಕ್ಕೆ ಛೀಮಾರಿ. ಆಮೇಲೆ ಒಂದು ಪಾರಿವಾಳದ ಚಿತ್ರ ಹಾಕಿಕೊಳ್ಳುತ್ತೇನೆ ಅಂದ, ಅದಕ್ಕೂ ಇಲ್ಲ. ಆಗ ನಾನು ಆರಾಮಾಗಿ ಕಾಫಿ ಹೀರುತ್ತಾ "ಆಟದಲ್ಲಿ ರಾಜಕೀಯ ಯಾಕೆ ಬೇಕು" ಅಂದಿದ್ದೆ! ಮಾಮ ಅದನ್ನು ಮರೆತಿರಲಿಲ್ಲ.

ನಮ್ಮವರು ನೆನೆದರೆ ಅದು ಸ್ಮರಣೆ, ಬೇರೆಯವರು ನೆನೆದರೆ ಅದು ರಾಜಕೀಯ. ಈ ಕಾಯಿಲೆ ನನಗೊಬ್ಬನಿಗೇ ಅಂದುಕೊಂಡಿದ್ದೆ. ಇಂಗ್ಲೆಂಡಿನ ಫುಟ್‌ಬಾಲ್ ಕಥೆ ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಅಲ್ಲಿ ನವೆಂಬರ್ ಬಂದರೆ ಜನ ಎದೆ ಮೇಲೆ ಒಂದು ಕೆಂಪು ಹೂವು ಸಿಕ್ಕಿಸಿಕೊಳ್ಳುತ್ತಾರೆ. ಪಾಪ್ಪಿ ಹೂವು. (ನಮ್ಮ ಕನ್ನಡದ 'ಪಾಪಿ'ಗೂ ಅದಕ್ಕೂ ಸಂಬಂಧವಿಲ್ಲ!) ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಅದು ಸಿಗುವುದಿಲ್ಲ, ಆದರೆ ದಿನಸಿ ಅಂಗಡಿಯಲ್ಲಿ ಅದರ ನೆಂಟ ಸಿಗುತ್ತದೆ. ಪಾಯಸಕ್ಕೆ ಹಾಕುವ ಗಸಗಸೆ ಇದೆಯಲ್ಲ, ಆ ಗಿಡದ ಜಾತಿಗೇ ಸೇರಿದ ಹೂವು ಇದು. ಮೊದಲನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ನೆಲದ ಮೇಲೆ ಈ ಹೂವು ಎದ್ದು ಅರಳಿತ್ತಂತೆ. ಹಾಗಾಗಿ ಸತ್ತ ಸೈನಿಕರ ಗುರುತಾಯಿತು. 1921ರಿಂದ ಅಲ್ಲಿನ ಮಾಜಿ ಸೈನಿಕರ ಸಂಸ್ಥೆ ಈ ಹೂವು ಮಾರಿ ಸೈನಿಕರ ಕುಟುಂಬಗಳಿಗೆ ಹಣ ಕೂಡಿಸುತ್ತದೆ.

2016ರ ನವೆಂಬರ್ 11ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯ. ಯುದ್ಧ ನಿಂತ ದಿನವೇ ಪಂದ್ಯ ಬಿದ್ದಿತ್ತು. ಎರಡೂ ತಂಡದವರು ತೋಳಿನ ಕಪ್ಪು ಪಟ್ಟಿಯ ಮೇಲೆ ಪಾಪ್ಪಿ ಹಾಕಿಕೊಂಡು ಆಡಿದರು. ರಾಜಕೀಯ, ಧಾರ್ಮಿಕ, ವೈಯಕ್ತಿಕ ಚಿಹ್ನೆ ಯಾವುದೂ ಬಟ್ಟೆ ಮೇಲೆ ಇರಬಾರದು ಅನ್ನುವುದು ಫುಟ್‌ಬಾಲ್‌ನ ನಿಯಮ. ಆ ಡಿಸೆಂಬರ್‌ನಲ್ಲಿ ಫಿಫಾ ಇಂಗ್ಲೆಂಡಿಗೆ 45,000 ಸ್ವಿಸ್ ಫ್ರಾಂಕ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗೆ ತಲಾ 20,000, ಉತ್ತರ ಐರ್ಲೆಂಡ್‌ಗೆ 15,000 ದಂಡ ಹಾಕಿತು. ಪ್ರೇಕ್ಷಕರ ವರ್ತನೆಯಂಥ ಬೇರೆ ತಪ್ಪುಗಳೂ ಅದರಲ್ಲಿ ಸೇರಿದ್ದವು ಅನ್ನಿ, ಆದರೆ ಜನರ ಕಣ್ಣು ಕುಕ್ಕಿದ್ದು ಹೂವಿನ ದಂಡವೇ. ಸತ್ತವರಿಗೆ ಹೂವಿಟ್ಟರೆ ಅದು ರಾಜಕೀಯವೇ ಅಂತ ಇಡೀ ಇಂಗ್ಲೆಂಡ್ ಕೇಳಿತು. ನಾನು ಧೋನಿ ವಿಷಯದಲ್ಲಿ ಕೇಳಿದ ಹಾಗೆಯೇ!

ಅದೇ ವರ್ಷ ಐರ್ಲೆಂಡಿಗೂ 5,000 ಫ್ರಾಂಕ್ ದಂಡ ಬಿದ್ದ ಕಥೆ ಕೇಳಿ. 1916ರಲ್ಲಿ ಬ್ರಿಟಿಷರ ವಿರುದ್ಧ ನಡೆದ ದಂಗೆಗೆ ನೂರು ವರ್ಷವಾಯಿತು ಅಂತ ಅವರು ಅಂಗಿ ಮೇಲೆ ಒಂದು ಗುರುತು ಹಾಕಿಕೊಂಡಿದ್ದರು. ಬ್ರಿಟಿಷರು ತಮ್ಮ ಸೈನಿಕರನ್ನು ನೆನೆದರೂ ದಂಡ, ಬ್ರಿಟಿಷರ ವಿರುದ್ಧ ಎದ್ದವರನ್ನು ಐರಿಶರು ನೆನೆದರೂ ದಂಡ. ಫಿಫಾವನ್ನು ಏನು ಬೇಕಾದರೂ ಬೈಯಿರಿ, ಇಲ್ಲಿ ಮಾತ್ರ ಅದರ ತಕ್ಕಡಿ ಒಂದೇ ಆಗಿತ್ತು.

ಹೂವು ಯಾಕೆ ಎಲ್ಲರಿಗೂ ಬರೀ ಹೂವಲ್ಲ ಅನ್ನುವುದಕ್ಕೆ ಜೇಮ್ಸ್ ಮೆಕ್ಲೀನ್ ಅನ್ನುವ ಆಟಗಾರ ಸಾಕ್ಷಿ. ಆತ ಉತ್ತರ ಐರ್ಲೆಂಡಿನ ಡೆರಿಯವನು. 1972ರ ಜನವರಿ 30ರಂದು ಬ್ರಿಟಿಷ್ ಸೈನಿಕರು ನಾಗರಿಕ ಹಕ್ಕಿಗಾಗಿ ಮೆರವಣಿಗೆ ಹೊರಟವರ ಮೇಲೆ ಗುಂಡು ಹಾರಿಸಿ ಅಲ್ಲೇ 13 ಜನರನ್ನು ಕೊಂದ ಊರು ಅದು. ಎರಡು ಮಹಾಯುದ್ಧಗಳಲ್ಲಿ ಸತ್ತವರಿಗೆ ಮಾತ್ರ ಆ ಹೂವಾಗಿದ್ದರೆ ಹಾಕಿಕೊಳ್ಳುತ್ತಿದ್ದೆ, ಆಮೇಲಿನ ಎಲ್ಲ ಸೈನಿಕರಿಗೂ ಅದು ಸೇರುತ್ತದೆ, ನನ್ನೂರಿನವರ ಮುಖ ಹೇಗೆ ನೋಡಲಿ ಅನ್ನುವುದು ಆತನ ವಾದ. ವರ್ಷ ವರ್ಷವೂ ಆತನಿಗೆ ಬೈಗುಳ. ಒಬ್ಬರ ಮನೆಯ ದೀಪ ಇನ್ನೊಬ್ಬರ ಕಣ್ಣಿಗೆ ಬೆಂಕಿಯಾಗಿ ಕಾಣಬಹುದು. ಅದು ಅವರ ತಪ್ಪಲ್ಲ, ನಮ್ಮ ತಪ್ಪೂ ಅಲ್ಲ.

ಈಗ ಕ್ರಿಕೆಟ್ಟಿಗೆ ಬನ್ನಿ. ಇಲ್ಲೇ ನನಗೆ ಸಿಟ್ಟು ಬರುವುದು. 2014ರ ಜುಲೈನಲ್ಲಿ ಅದೇ ಸೌತಾಂಪ್ಟನ್ ಮೈದಾನದಲ್ಲಿ, ನಮ್ಮ ವಿರುದ್ಧದ ಟೆಸ್ಟ್‌ನಲ್ಲಿ, ಇಂಗ್ಲೆಂಡಿನ ಮೊಯೀನ್ ಅಲಿ ಗಾಜಾ ಉಳಿಸಿ ಅನ್ನುವ ಕೈಪಟ್ಟಿ ಹಾಕಿಕೊಂಡಿದ್ದ. ತೆಗೆಸಿದರು. ಅದೇ ಪಂದ್ಯದಲ್ಲಿ ಇಡೀ ಇಂಗ್ಲೆಂಡ್ ತಂಡ ಗಾಯಾಳು ಸೈನಿಕರಿಗೆ ನೆರವಾಗುವ ಒಂದು ಸಂಸ್ಥೆಯ ಗುರುತನ್ನು ಅಂಗಿ ಮೇಲೆ ಹಾಕಿಕೊಂಡಿತ್ತು. ಅದಕ್ಕೆ ಅಡ್ಡಿ ಇರಲಿಲ್ಲ. ನಮ್ಮದೇ ಉದಾಹರಣೆ ತೆಗೆದುಕೊಂಡರೆ, ಪುಲ್ವಾಮಾ ಆದ ಮೇಲೆ 2019ರ ಮಾರ್ಚ್ 8ರಂದು ರಾಂಚಿಯಲ್ಲಿ ನಮ್ಮ ತಂಡ ಮಿಲಿಟರಿ ಬಣ್ಣದ ಟೋಪಿ ಹಾಕಿಕೊಂಡು ಆಡಿತು, ಸಂಭಾವನೆಯನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟಿತು. ಮೊದಲೇ ಕೇಳಿದ್ದರು, ನಿಧಿ ಸಂಗ್ರಹಕ್ಕೆ ಮತ್ತು ಹುತಾತ್ಮರ ನೆನಪಿಗೆ ಅಂತ ಐಸಿಸಿ ಒಪ್ಪಿತ್ತು. ಪಾಕಿಸ್ತಾನ ಆಕ್ಷೇಪಿಸಿತು. ಮೂರು ತಿಂಗಳಾದ ಮೇಲೆ ಗ್ಲೌಸಿಗೆ ಇಲ್ಲ ಅಂದರು.

ಕಾಗದದ ಮೇಲೆ ಇದಕ್ಕೆಲ್ಲ ಕಾರಣ ಇದೆ. ಒಂದಕ್ಕೆ ಮೊದಲೇ ಅರ್ಜಿ ಹಾಕಿದ್ದರು, ಇನ್ನೊಂದಕ್ಕೆ ಹಾಕಿರಲಿಲ್ಲ. ಒಂದು ದತ್ತಿ ಸಂಸ್ಥೆ, ಇನ್ನೊಂದು ಘೋಷಣೆ. ಆದರೆ ಗ್ಯಾಲರಿಯಲ್ಲಿ ಕೂತವನಿಗೆ ಕಾಣುವುದು ಒಂದೇ: ದೊಡ್ಡ ಬೋರ್ಡುಗಳು ಕೇಳಿದರೆ ಹೂಂ, ಒಬ್ಬಂಟಿ ಆಟಗಾರ ಕೇಳಿದರೆ ಊಹೂಂ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 2006ರಲ್ಲಿ ಮ್ಯಾಚ್ ರೆಫರಿಯಾದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಆ ಕುರ್ಚಿಯಲ್ಲಿ ಕೂತವರ ಕಷ್ಟವನ್ನು ಯೋಚಿಸಿ ನೋಡಿ. ಯಾರ ಸಾವು ರಾಜಕೀಯ, ಯಾರ ಸಾವು ಅಲ್ಲ ಅಂತ ತೀರ್ಮಾನಿಸುವ ಕೆಲಸ ಯಾವ ರೆಫರಿಗೂ ಬೇಡ ಸ್ವಾಮಿ.

ಹಾಗಾದರೆ ಏನು ಮಾಡಬೇಕು? ದಾರಿ ಫುಟ್‌ಬಾಲ್‌ನವರ ಹತ್ತಿರವೇ ಇದೆ ಅಂತ ನನಗನ್ನಿಸುತ್ತದೆ. 2017ರಲ್ಲಿ ಅವರು ನಿಯಮವನ್ನು ಸಡಿಲಿಸಿದರು. ಎದುರಾಳಿ ತಂಡ ಮತ್ತು ಟೂರ್ನಿ ನಡೆಸುವವರು ಮೊದಲೇ ಒಪ್ಪಿದರೆ ಹಾಕಿಕೊಳ್ಳಬಹುದು. ಆ ನವೆಂಬರ್ 10ರಂದು ವೆಂಬ್ಲಿಗೆ ಬಂದ ಎದುರಾಳಿ ಯಾರು ಗೊತ್ತೇ? ಜರ್ಮನಿ! ಎರಡು ಮಹಾಯುದ್ಧದಲ್ಲೂ ಆ ಕಡೆ ನಿಂತಿದ್ದ ಜರ್ಮನಿ. ಅವರ ಆಟಗಾರರೂ ಪಾಪ್ಪಿಯ ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದರು. ದಂಡ ಹಾಕಿದ ವರ್ಷದ ಹೂವಿಗಿಂತ ಆ ವರ್ಷದ ಹೂವು ಹೆಚ್ಚು ತೂಕದ್ದು ಅಂತ ನನ್ನ ಅಭಿಪ್ರಾಯ. ಎದುರಾಳಿಯೂ ಜೊತೆಗೆ ತಲೆ ತಗ್ಗಿಸಬಲ್ಲ ಅನ್ನುವಂತಿದ್ದರೆ ಅದು ಸ್ಮರಣೆ. ಆತನ ಮುಖಕ್ಕೆ ಹಿಡಿಯುವುದಕ್ಕೇ ಅಂತ ಇದ್ದರೆ ಅದು ಸವಾಲು. ಈ ಅಳತೆಯಲ್ಲಿ ನೋಡಿದರೆ ಧೋನಿಯ ಕಠಾರಿ ಬೇಕಿರಲಿಲ್ಲ, ಖವಾಜಾನ ಪಾರಿವಾಳಕ್ಕೆ ಬೇಡ ಅನ್ನಬೇಕಿರಲಿಲ್ಲ. ಇದನ್ನು ಬರೆಯುವಾಗ ನನಗೇ ಸ್ವಲ್ಪ ಚುಚ್ಚುತ್ತದೆ. ಚುಚ್ಚಲಿ ಬಿಡಿ.

ಮತ್ತೆ, ಯಾರಿಗೂ ಬಲವಂತ ಇರಬಾರದು. ಮೆಕ್ಲೀನ್ ಹೂವು ಬೇಡ ಅಂದರೆ ಬೇಡ.

ಇದನ್ನೆಲ್ಲ ಮಾಮನ ಹತ್ತಿರ ಹೇಳಿದೆ. ಅವರು ಗ್ಲೌಸಿನ ವಿಷಯಕ್ಕೆ ನಕ್ಕರು. "ಆ ಬ್ಯಾಡ್ಜ್ ಫೌಜಲ್ಲೇ ಎಲ್ಲರೂ ಹಾಕೋ ಹಾಗಿಲ್ಲ ಕಣಪ್ಪಾ. ಸ್ಪೆಷಲ್ ಫೋರ್ಸಸ್‌ನೋರಿಗೆ ಮಾತ್ರ. ಯೂನಿಫಾರ್ಮ್ ಮೇಲೆ ಒಂದು ಗುಂಡಿ ಹೆಚ್ಚಿದ್ರೂ ನಮಗೆ ಶಿಕ್ಷೆ. ರೂಲ್ಸ್ ಅಂದ್ರೆ ನಮಗೇನೂ ಬೇಜಾರಿಲ್ಲ. ನಾಳೆ ಬೆಳಿಗ್ಗೆ ಸ್ವಲ್ಪ ಸ್ಕೂಟರ್ ತೆಗೀತೀಯಾ?"

ನವೆಂಬರ್ ಅಂದರೆ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡಬೇಕಾದ ತಿಂಗಳು. ಮಾಮನ ಜೊತೆಯಲ್ಲಿದ್ದ ಒಬ್ಬರು 1971ರಲ್ಲಿ ತೀರಿಕೊಂಡಿದ್ದರು. ಅವರ ಹೆಂಡತಿ ನಂಜನಗೂಡಿನ ಕಡೆಯ ಒಂದು ಹಳ್ಳಿಯವರು. ಪ್ರತಿ ನವೆಂಬರ್‌ನಲ್ಲೂ ಆಕೆ ಬಸ್ಸಿನಲ್ಲಿ ಮೈಸೂರಿಗೆ ಬರುತ್ತಾರೆ, ಮಾಮ ಕರೆದುಕೊಂಡು ಹೋಗುತ್ತಾರೆ. ಇದು ನನಗೆ ಗೊತ್ತೇ ಇರಲಿಲ್ಲ, ಇಷ್ಟು ವರ್ಷ ಒಂದೇ ಗಲ್ಲಿಯಲ್ಲಿ ಇದ್ದೂ! ಮಾಮನಿಗೆ ಈಗ ಮಂಡಿ ನೋವು, ಅದಕ್ಕೇ ನನ್ನನ್ನು ಕೇಳಿದ್ದು.

ಹೋದೆವು. ಗದ್ದೆ ಕೆಲಸ ಮಾಡಿ ಮಾಡಿ ಆ ಅಜ್ಜಿಯ ಬೆರಳ ಗೆರೆಗಳೆಲ್ಲ ಸವೆದು ಹೋಗಿವೆ. ಯಂತ್ರ ಒಪ್ಪಲಿಲ್ಲ. ಒಂದು ಬೆರಳು, ಇನ್ನೊಂದು ಬೆರಳು, ಸೆರಗಿನಲ್ಲಿ ಒರೆಸಿ ಮತ್ತೊಂದು. ಕೌಂಟರಿನ ಹುಡುಗನೂ ಪಾಪ ತಾಳ್ಮೆಯಿಂದಲೇ ಇದ್ದ. ಹನ್ನೊಂದು ಗಂಟೆಗೆ ಹೋದವರು ಮೂರು ಗಂಟೆ ತನಕ ನಿಂತೆವು. ಕೊನೆಗೆ ಎಡಗೈಯ ಒಂದು ಬೆರಳು ಹಿಡಿಯಿತು. "ಬದುಕಿದ್ದೀನಂತಾ?" ಅಂತ ಅಜ್ಜಿ ಕೇಳಿದರು. ಮಾಮ "ಇನ್ನೊಂದು ವರ್ಷ" ಅಂದರು. ಇಬ್ಬರೂ ನಕ್ಕರು.

ನನಗೆ ನಗು ಬರಲಿಲ್ಲ. ಆರು ವರ್ಷದ ಹಿಂದೆ ಡಿಪಿಗೆ ಕಠಾರಿ ಹಾಕಿಕೊಂಡಿದ್ದೆನಲ್ಲ, ಆ ಆರು ನವೆಂಬರ್‌ಗಳಲ್ಲೂ ಈ ಅಜ್ಜಿ ಇದೇ ಸಾಲಿನಲ್ಲಿ ನಿಂತಿದ್ದರು.

ನಮಗೂ ಒಂದು ಪಾಪ್ಪಿ ಇದೆ ಸ್ವಾಮಿ. ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿ, ಮೂರೂ ಪಡೆಗಳ ಬಣ್ಣದ ಒಂದು ಪುಟ್ಟ ಕಾಗದದ ಬಾವುಟ. ಶಾಲೆಯಲ್ಲಿ ಚಿಲ್ಲರೆ ಕೊಟ್ಟು ಜೇಬಿಗೆ ಚುಚ್ಚಿಸಿಕೊಂಡು, ಮನೆ ಸೇರುವ ಹೊತ್ತಿಗೆ ಎಲ್ಲೋ ಬೀಳಿಸಿಕೊಳ್ಳುತ್ತಿದ್ದೆವಲ್ಲ, ಅದೇ. ಆ ದುಡ್ಡು ಹೋಗುವುದು ಇಂಥ ಕುಟುಂಬಗಳಿಗೆ.

ಇನ್ನೊಂದು ಮಾತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಇಂಗ್ಲೆಂಡಿನವರು ಪಾಪ್ಪಿ ಹಾಕಿಕೊಂಡು ನೆನೆಯುವ ಅದೇ ಯುದ್ಧ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮವರದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ನಮ್ಮ ಕಾಫಿ ಅಂಗಡಿಯಲ್ಲಿ ಕೇಳಿದೆ, ಮಾಮನ ಹೊರತು ಒಬ್ಬರಿಗೂ ಗೊತ್ತಿರಲಿಲ್ಲ. ಅವರನ್ನು ನೆನೆದರೆ ನಮಗೆ ಯಾವ ಫಿಫಾವೂ ದಂಡ ಹಾಕುತ್ತಿರಲಿಲ್ಲ, ಯಾವ ಐಸಿಸಿಯೂ ತಡೆಯುತ್ತಿರಲಿಲ್ಲ. ಆದರೂ ನಾವು ನೆನೆಯಲಿಲ್ಲ.

ಆಟದ ಮಂಡಳಿಗಳು ಒಂದೇ ತಕ್ಕಡಿ ಹಿಡಿಯಲಿ ಅಂತ ನಾನು ಈಗಲೂ ಹೇಳುತ್ತೇನೆ, ಜೋರಾಗಿಯೇ ಹೇಳುತ್ತೇನೆ. ಆದರೆ ಮೊದಲು ನನ್ನ ತಕ್ಕಡಿ ಸರಿ ಮಾಡಿಕೊಳ್ಳಬೇಕು. ಡಿಪಿ ಬದಲಿಸಿದ್ದೇನೆ. ಮುಂದಿನ ನವೆಂಬರ್‌ಗೂ ಸ್ಕೂಟರ್ ನನ್ನದೇ ಅಂತ ಮಾಮನಿಗೆ ಹೇಳಿದ್ದೇನೆ.