ಓರೆ ಕೊಯ್ತಕ್ಕೆ ಬೆರಳು ಬಲಿಯಾಗದಿರಲಿ

ಆರೋಗ್ಯವೆಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಕ್ಕಳ ಕೆಮ್ಮು ಇಷ್ಟೇ ಎಂದು ಭಾವಿಸುವವರೇ ಹೆಚ್ಚು. ಆದರೆ ದುಡಿದು ತಿನ್ನುವವನ ಪಾಲಿಗೆ ಹತ್ತು ಬೆರಳೂ ನೆಟ್ಟಗಿರುವುದು ಎಲ್ಲಕ್ಕಿಂತ ದೊಡ್ಡ ಆರೋಗ್ಯ. ಬಳ್ಳಾರಿಯಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳಲ್ಲಾಗಲಿ ಹೊಸ ಮನೆ ಏಳುವ ಕಡೆ ಸ್ವಲ್ಪ ಹೊತ್ತು ನಿಂತು ನೋಡಿ. ಗರಗಸದ ಯಂತ್ರ ಕಿರುಚುತ್ತಿರುತ್ತದೆ; ಹಲಗೆ ಹಿಡಿದ ಕೈ ಅದರ ಹಲ್ಲಿಗೆ ಗೇಣು ದೂರದಲ್ಲೂ ಇರುವುದಿಲ್ಲ.

ಬಾಗಿಲಿನ ಬೀಡಿಂಗ್ ಪಟ್ಟಿ, ಅಲ್ಯುಮಿನಿಯಂ ಕಿಟಕಿ, ದೇವರ ಪಟದ ಕಟ್ಟು ಇವುಗಳ ಮೂಲೆ ಚೆನ್ನಾಗಿ ಕೂಡಬೇಕಾದರೆ ಎರಡೂ ಪಟ್ಟಿಗಳನ್ನು 45 ಡಿಗ್ರಿ ಓರೆಯಾಗಿ ಕೊಯ್ಯಬೇಕು. ಹಿಂದೆ ಇದು ಕೈಗರಗಸದ ಕೆಲಸವಾಗಿತ್ತು. ಈಗ ಮೈಟರ್ ಗರಗಸವೆಂಬ ವಿದ್ಯುತ್ ಯಂತ್ರ ಇದನ್ನು ಕ್ಷಣದಲ್ಲಿ ಮಾಡಿ ಮುಗಿಸುತ್ತದೆ. ಕೆಲಸಗಾರರು ಇದನ್ನು ಕಟಿಂಗ್ ಮಿಷನ್ ಎನ್ನುತ್ತಾರೆ. ಹತ್ತು ಅಂಗುಲದ ಬ್ಲೇಡು ನಿಮಿಷಕ್ಕೆ 4,500 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ 200 ಕಿಲೋಮೀಟರಿಗೂ ಮಿಗಿಲು. ಕೈ ಹಿಂದೆಳೆಯಬೇಕೆಂದು ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ನೇರ ಕೊಯ್ತಕ್ಕಿಂತ ಓರೆ ಕೊಯ್ತ ಹೆಚ್ಚು ಅಪಾಯಕಾರಿ. ಏಕೆ ಗೊತ್ತೆ? ನೇರವಾಗಿ ಕೊಯ್ಯುವಾಗ ಬ್ಲೇಡು ಹಲಗೆಯನ್ನು ಹಿಂದಿನ ಆಸರೆ ಪಟ್ಟಿಗೆ ಒತ್ತುತ್ತದೆ. ಓರೆಯಾದಾಗ ಅದೇ ಒತ್ತಡ ಹಲಗೆಯನ್ನು ಪಕ್ಕಕ್ಕೂ ಜಾರಿಸುತ್ತದೆ. ಹಿಡಿದ ಕೈ ಹಲಗೆಯ ಜೊತೆಗೇ ಹೋಗುತ್ತದೆ. ಇನ್ನು ಯಂತ್ರದ ತಲೆಯನ್ನೇ ವಾಲಿಸಿ ಕೊಯ್ಯುವಾಗ, ಮೊದಲು ಸುರಕ್ಷಿತವಾಗಿದ್ದ ಜಾಗವೇ ಬ್ಲೇಡಿನ ದಾರಿಯಾಗುತ್ತದೆ.

ಆದ್ದರಿಂದ ಹಲಗೆಯನ್ನು ಹಿಡಿಯುವ ಕೆಲಸವನ್ನು ಕೈಗೆ ಕೊಡದೆ ಕ್ಲಾಂಪಿಗೆ ಕೊಡಬೇಕು. ಕೈ ಬ್ಲೇಡಿನಿಂದ ಕನಿಷ್ಠ ಆರು ಅಂಗುಲ ದೂರವಿರಲಿ. ಬ್ಲೇಡಿನ ಮುಂದೆ ಒಂದು ಕೈ ಮೇಲೆ ಇನ್ನೊಂದು ಕೈ ಅಡ್ಡ ಹಾಯಬಾರದು. ಗಿಡ್ಡ ತುಂಡು ಬೇಕಾದರೆ ಉದ್ದ ಪಟ್ಟಿಯ ತುದಿಯಿಂದ ಕೊಯ್ದುಕೊಳ್ಳಬೇಕೇ ಹೊರತು ಗಿಡ್ಡ ತುಂಡನ್ನೇ ಬೆರಳಲ್ಲಿ ಹಿಡಿಯಬಾರದು. ಬ್ಲೇಡು ಪೂರ್ಣ ವೇಗಕ್ಕೆ ಬಂದ ಮೇಲೆ ಕೆಳಗಿಳಿಸಿ, ಕೊಯ್ತ ಮುಗಿದೊಡನೆ ಸ್ವಿಚ್ಚು ಬಿಟ್ಟು, ಅದು ಪೂರ್ತಿ ನಿಂತ ಬಳಿಕವೇ ಮೇಲೆತ್ತಬೇಕು. ಸಿಕ್ಕಿಕೊಂಡ ಚೂರನ್ನು ತೆಗೆಯುವ ಮುನ್ನ ಪ್ಲಗ್ಗು ಕೀಳಬೇಕು. ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿ, ಮಣಿಕಟ್ಟಿನ ದಾರ, ಕೈಗವಸು ಇವು ಯಾವುವೂ ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸಾರಿದೆ.

ಬ್ಲೇಡಿನ ಮೇಲಿನ ಗಾರ್ಡನ್ನು ತಂತಿ ಬಿಗಿದು ಎತ್ತಿ ಕಟ್ಟುವುದು ಇನ್ನೊಂದು ಕೆಟ್ಟ ಅಭ್ಯಾಸ. "ಗೆರೆ ಕಾಣುವುದಿಲ್ಲ, ಕ್ಲಾಂಪ್ ಹಾಕುತ್ತ ಕುಳಿತರೆ ಕೆಲಸ ಸಾಗುವುದಿಲ್ಲ" ಎನ್ನುವವರಿದ್ದಾರೆ. ಒಂದು ತುಂಡಿಗೆ ಅರ್ಧ ನಿಮಿಷ ಹೆಚ್ಚಾಗಬಹುದು, ನಿಜ. ನೂರು ತುಂಡಿಗೆ ಒಂದು ಗಂಟೆಯೂ ಆಗುವುದಿಲ್ಲ. ಆ ಒಂದು ಗಂಟೆಯನ್ನು ಕೊಡದವರು ಯಾರು? ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು "ಇವತ್ತೇ ಮುಗಿಸಪ್ಪ" ಎಂದು ಬೆನ್ನು ಹತ್ತುವ ನಾವೇ. ಗುತ್ತಿಗೆ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ನಿಧಾನ ಮಾಡುವ ಧೈರ್ಯವಿರುವುದಿಲ್ಲ. ಹಾಗಾಗಿ ಅಪಘಾತವನ್ನು ಅವನ ಅಜಾಗರೂಕತೆ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಗಾರ್ಡು, ಕ್ಲಾಂಪು ಇಲ್ಲದ ಯಂತ್ರ ನಮ್ಮ ಅಂಗಳದಲ್ಲಿ ತಿರುಗಬಾರದೆಂದು ಕೆಲಸ ಒಪ್ಪಿಸುವಾಗಲೇ ಹೇಳಿ. ಯಂತ್ರದ ಬಳಿ ಮಕ್ಕಳು ಸುಳಿಯದಂತೆ ನೋಡಿಕೊಳ್ಳಿ. ಮನೆಯಲ್ಲಿ ನಾಲ್ಕು ಪಟ್ಟಿ ಕೊಯ್ಯಲು ಯಂತ್ರವೇ ಬೇಕಿಲ್ಲ. 45 ಡಿಗ್ರಿಗೆ ಸೀಳು ಕೊಟ್ಟ ಮೂರು ಹಲಗೆಯ ತೊಟ್ಟಿಯೂ ಕೈಗರಗಸವೂ ಸಾಕು.

ಇಷ್ಟಾಗಿಯೂ ಬೆರಳು ತುಂಡಾದರೆ ಗಾಬರಿಯಾಗಬೇಡಿ. ಗಾಯಕ್ಕೆ ಅರಿಶಿನ, ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಿದರೆ ಅದರ ಜೀವಕೋಶಗಳು ಸಾಯುತ್ತವೆ. ಹೀಗೆ ತಂಪಾಗಿಟ್ಟ ಬೆರಳನ್ನು ಸುಮಾರು 12 ಗಂಟೆಯೊಳಗೆ ಮರುಜೋಡಿಸುವ ಅವಕಾಶವಿರುತ್ತದೆ. ಆದರೂ ಬೇಗ ಹೋದಷ್ಟೂ ಒಳ್ಳೆಯದು. ಗಾಯಾಳುವಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು, ಕುಡಿಯಲು ಏನೂ ಕೊಡಬೇಡಿ. 108ಕ್ಕೆ ಕರೆ ಮಾಡಿ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ. ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೊರಡುವಾಗಲೇ, ಬೆರಳು ಜೋಡಿಸುವ ಶಸ್ತ್ರವೈದ್ಯರು ಎಲ್ಲಿ ಸಿಗುತ್ತಾರೆಂದು ಫೋನಿನಲ್ಲಿ ವಿಚಾರಿಸಿಕೊಳ್ಳಿ. ಧನುರ್ವಾಯು ತಡೆಯುವ ಚುಚ್ಚುಮದ್ದನ್ನೂ ಮರೆಯಬೇಡಿ.

1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇಕಡಾ 30ರಷ್ಟು, ತೋರುಬೆರಳು ಹೋದರೆ ಶೇಕಡಾ 14ರಷ್ಟು ದುಡಿಮೆಯ ಶಕ್ತಿ ನಷ್ಟವೆಂದು ಬರೆಯಲಾಗಿತ್ತು. ಉಳಿ ಹಿಡಿಯುವ ಬಡಗಿಗೆ ಆ ಲೆಕ್ಕ ಯಾವ ಸಮಾಧಾನ ಕೊಟ್ಟೀತು? ನಿಮ್ಮ ಮನೆಯ ಬಾಗಿಲು ಒಂದು ದಿನ ತಡವಾಗಿ ನಿಂತರೂ ಚಿಂತೆಯಿಲ್ಲ. ಅದನ್ನು ನಿಲ್ಲಿಸಿದವನು ಹತ್ತು ಬೆರಳೊಂದಿಗೆ ತನ್ನ ಮನೆಗೆ ಹೋಗಲಿ.