ನ್ಯೂಜಿಲೆಂಡಿಗೆ ಹೋಗದೇ ಉಳಿದ ಅಜ್ಜಿ

ಮೊನ್ನೆ ಸೋಮವಾರ ಬೆಳಿಗ್ಗೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ರಿವರ್ಸ್ ಬರುತ್ತಿದ್ದ ಬಸ್ಸಿನ ಚಕ್ರಕ್ಕೆ ಒಂದು ಕಂದು ನಾಯಿಯ ಹಿಂಗಾಲು ಸಿಕ್ಕಿತು. ಕಂಡಕ್ಟರ್ ಸೀಟಿ ಊದಿದ್ದರು, ಡ್ರೈವರ್ ಬ್ರೇಕ್ ಒತ್ತಿದ್ದರು. ಅವರದೇನೂ ತಪ್ಪಿಲ್ಲ. ನಾಯಿ ಅರಚಿಕೊಂಡು, ಕಾಲೆಳೆದುಕೊಂಡು, ಬಾಳೆಹಣ್ಣಿನ ಅಂಗಡಿ ಮಗ್ಗುಲಿಗೆ ಬಂದು ಬಿತ್ತು. ‘ಅಯ್ಯೋ ಪಾಪ’ ಅಂದವರು ಮೂವತ್ತು ನಲವತ್ತು ಮಂದಿ. ಅಂಗಡಿ ಅಜ್ಜಿ ಒಂದು ಗೋಣಿಚೀಲ ಮಡಿಸಿ ಹಾಸಿದರು. ಹೋಟೆಲ್ ಹುಡುಗ ತೆಂಗಿನ ಚಿಪ್ಪಿನಲ್ಲಿ ನೀರು ತಂದಿಟ್ಟ. ಈ ಅಂಕಣ ಬರೆಯುವ ಮಹಾಶಯ ಏನು ಮಾಡಿದ ಅಂತೀರಾ? ಗಡಿಯಾರ ನೋಡಿಕೊಂಡು ಬಸ್ ಹತ್ತಿದ. ಸಂಜೆ ವಾಪಸ್ ಬಂದಾಗ ಗೋಣಿಚೀಲ ಇತ್ತು, ನಾಯಿ ಇರಲಿಲ್ಲ.

ಆವತ್ತಿನಿಂದ ಕ್ರಿಸ್ಟಲ್ ರೋಜರ್ಸ್ ಎಂಬ ಹೆಂಗಸಿನ ಹೆಸರು ತಲೆಯಲ್ಲಿ ಸುತ್ತುತ್ತಿದೆ. ಬೆಂಗಳೂರಿನವರಲ್ಲಿ ಕೆಲವರಿಗೆ ಗೊತ್ತಿರಬಹುದು. ನಮ್ಮ ಕಡೆ ಯಾರೂ ಕೇಳಿರಲಿಕ್ಕಿಲ್ಲ.

ಇಂಗ್ಲೆಂಡಿನವರು. ಹುಟ್ಟಿದ್ದು 1906ರಲ್ಲಿ. 1959ರಲ್ಲಿ ನ್ಯೂಜಿಲೆಂಡಿಗೆ ಹೊರಟಿದ್ದವರು ದಾರಿಯಲ್ಲಿ ನಮ್ಮ ದೇಶದಲ್ಲಿ ಇಳಿದರು. ಆಗ ವಯಸ್ಸು ಐವತ್ತಮೂರು. ರಸ್ತೆ ಬದಿಯಲ್ಲಿ ಒಂದು ಕುದುರೆ ಸಾಯುತ್ತಾ ಬಿದ್ದಿತ್ತು. ಜೀವ ಇನ್ನೂ ಇದೆ, ಕಾಗೆಗಳು ಅದರ ಕಣ್ಣು ಕುಕ್ಕಿ ತಿಂದಿವೆ. ಜನ ಪಕ್ಕದಲ್ಲೇ ಓಡಾಡುತ್ತಿದ್ದಾರೆ, ಯಾರೂ ನಿಲ್ಲುತ್ತಿಲ್ಲ. ಈಕೆ ನಿಂತರು. ನಿಂತವರು ನ್ಯೂಜಿಲೆಂಡಿಗೆ ಹೋಗಲೇ ಇಲ್ಲ. ಮೂವತ್ತೇಳು ವರ್ಷ ಇಲ್ಲೇ ಕಳೆದು, 1996ರಲ್ಲಿ ತೀರಿಕೊಂಡರು.

ಬಿಳಿಯರು ಬಂದು ನಮಗೆ ದಯೆ ಕಲಿಸಬೇಕೇ ಸ್ವಾಮಿ ಅಂತ ಯಾರಾದರೂ ಕೇಳಬಹುದು. ಬೇಡ, ಖಂಡಿತ ಬೇಡ. ಆಕೆ ಇಲ್ಲಿಗೆ ಬರುವ ಮೊದಲೇ ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ಅವರು ಪ್ರಾಣಿಗಳ ಮೇಲಿನ ಕ್ರೌರ್ಯಕ್ಕೆ ಕಾನೂನು ಬೇಕೆಂದು ರಾಜ್ಯಸಭೆಯಲ್ಲಿ ಮಸೂದೆ ತಂದು ಹಟ ಹಿಡಿದಿದ್ದರು. 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆಯಿತು, ರುಕ್ಮಿಣಿ ದೇವಿಯವರೇ ಅದರ ಮೊದಲ ಅಧ್ಯಕ್ಷೆ. ದಯೆಗೆ ನಮ್ಮಲ್ಲಿ ಬರವೇನಿಲ್ಲ. ಆ ಬಾಳೆಹಣ್ಣಿನ ಅಜ್ಜಿಯಲ್ಲೂ ಇತ್ತಲ್ಲ. ಗೋಣಿಚೀಲ ಹಾಸಿದ ಮೇಲೆ ಮುಂದೇನು ಅನ್ನೋದು ಮಾತ್ರ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ರೋಜರ್ಸ್ ಮಾಡಿದ್ದು ಆ ‘ಮುಂದೇನು’ ಅನ್ನುವ ಕೆಲಸ. ದೆಹಲಿಯಲ್ಲಿ 1959ರಲ್ಲೇ ‘ದಿ ಅನಿಮಲ್ಸ್ ಫ್ರೆಂಡ್’ ಎಂಬ ಆಶ್ರಯ ತೆರೆದರು. ಅಲ್ಲಿಂದ ಜೈಪುರಕ್ಕೆ ಹೋದರು. 1980ರಲ್ಲಿ ಅಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಕಟ್ಟಿದರು, ವಯಸ್ಸು ಎಪ್ಪತ್ತು ದಾಟಿತ್ತು. ಅಷ್ಟಕ್ಕೇ ಸಾಕು ಅಂತ ಕೂತರೆ? ಇಲ್ಲ. ಬೆಂಗಳೂರಿಗೆ ಬಂದು 1991ರಲ್ಲಿ ‘ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆಕ್ಷನ್’ ಎಂಬ ಸಂಸ್ಥೆ ಶುರು ಮಾಡಿದರು. ಚಿಕ್ಕದಾಗಿ ಕ್ಯೂಪಾ ಅಂತಾರೆ. ಆಗ ಆಕೆಗೆ ಎಂಬತ್ತೈದು. ನಮ್ಮ ಮನೆಗಳಲ್ಲಿ ಎಂಬತ್ತೈದಾದವರು ಜಗಲಿ ಮೇಲೆ ಕೂತು ಕಾಫಿ ತಣ್ಣಗಾಯ್ತು ಅಂತ ಸೊಸೆಯ ಮೇಲೆ ರೇಗುವ ವಯಸ್ಸು. ಈಕೆ ಮತ್ತೊಂದು ಊರಿನಲ್ಲಿ, ಗೊತ್ತಿಲ್ಲದ ಭಾಷೆಯ ಮಧ್ಯೆ, ಮೂರನೇ ಸಲ ಸೊನ್ನೆಯಿಂದ ಶುರು ಮಾಡಿದ್ದರು. ಸಾಹಸ ಅಂದರೆ ಬೆಟ್ಟ ಹತ್ತುವುದು, ಹುಲಿ ಹಿಡಿಯುವುದು ಅಂದುಕೊಂಡವರು ಇದನ್ನೂ ಸ್ವಲ್ಪ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಮಾತು. ಕಟ್ಟಿದ್ದನ್ನು ಬೇರೆಯವರ ಕೈಗಿಟ್ಟು ಎದ್ದು ಹೋಗುವುದು ಸುಲಭವಲ್ಲ. ನಮ್ಮಲ್ಲಿ ಒಂದು ಗಣೇಶೋತ್ಸವ ಸಮಿತಿ ಅಧ್ಯಕ್ಷಗಿರಿ ಬಿಟ್ಟುಕೊಡಲು ಎಷ್ಟು ಜಗಳ ಆಗುತ್ತದೆ ನಿಮಗೇ ಗೊತ್ತು. ಈಕೆ ಬಿಟ್ಟುಕೊಟ್ಟಳು. ಹಾಗಾಗಿಯೇ ಜೈಪುರದ ಕೆಲಸ ಆಕೆಯಿಲ್ಲದೆಯೂ ನಡೆಯಿತು. ಅದರ ಫಲ ನಮ್ಮಂಥ ಊರಿನವರು ತಿಳಿಯಲೇಬೇಕು.

1994ರ ಕೊನೆಯಿಂದ 2002ರವರೆಗೆ ಜೈಪುರದ ಒಂದು ಭಾಗದಲ್ಲಿ ಆ ಸಂಸ್ಥೆಯವರು ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ವಾಪಸ್ ಬಿಟ್ಟರು. ಒಟ್ಟು ಸುಮಾರು 25 ಸಾವಿರ ನಾಯಿಗಳು. ಆ ಭಾಗದಲ್ಲಿ ನಾಯಿಗಳ ಸಂಖ್ಯೆ ಶೇಕಡಾ 28ರಷ್ಟು ಇಳಿಯಿತು. ಮನುಷ್ಯರಿಗೆ ಹುಚ್ಚುನಾಯಿ ರೋಗ ತಗಲಿದ ಪ್ರಕರಣ ಸೊನ್ನೆಗೆ ಬಂತು. ಈ ಕೆಲಸ ನಡೆಯದ ಭಾಗಗಳಲ್ಲಿ ಹಾಗಾಗಲಿಲ್ಲ. ಇದು 2006ರಲ್ಲಿ ಪಶುವೈದ್ಯರ ಪತ್ರಿಕೆಯಲ್ಲಿ ಅಚ್ಚಾದ ಲೆಕ್ಕ, ಕಟ್ಟುಕತೆಯಲ್ಲ. ಸಾಯುತ್ತಿದ್ದ ಒಂದು ಕುದುರೆಯ ಮುಂದೆ ಒಬ್ಬಾಕೆ ನಿಂತದ್ದರಿಂದ ಎಲ್ಲೋ ಜೈಪುರದ ಗಲ್ಲಿಯಲ್ಲಿ ಮಕ್ಕಳು ಬದುಕಿಕೊಂಡವು.

ಈಗ ನಮ್ಮೂರಿಗೆ ಬರೋಣ. ನಾಯಿ ಕಾಟ ಇದೆ, ಇಲ್ಲ ಅಂತ ಯಾರೂ ಹೇಳಬೇಡಿ. ರಾತ್ರಿ ಕೊನೆ ಬಸ್ಸಿಗೆ ಇಳಿದವರು ಕೈಯಲ್ಲಿ ಕಲ್ಲು ಹಿಡಿದು ಮನೆ ಸೇರುತ್ತಾರೆ. ಕೋಳಿ ಅಂಗಡಿ ಸಾಲಿನಲ್ಲಿ ಸ್ಕೂಲ್ ಮಕ್ಕಳು ನಡೆಯಲು ಹೆದರುತ್ತಾರೆ. ಇವರ ಭಯವನ್ನು ಗೇಲಿ ಮಾಡುವ ಪ್ರಾಣಿಪ್ರೇಮ ನನಗೆ ಹಿಡಿಸುವುದಿಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. (ಕಚ್ಚಿದ ಕೂಡಲೇ ಸುಣ್ಣ, ಮೆಣಸಿನಪುಡಿ ಮೆತ್ತುವ ಪದ್ಧತಿ ಇನ್ನೂ ಇದೆ. ದಯವಿಟ್ಟು ಬಿಡಿ. ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ನೇರ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ. ಹೇಳಿದಷ್ಟು ದಿನವೂ ತಗೊಳ್ಳಿ.)

ಹಾಗಂತ ಲಾರಿಯಲ್ಲಿ ತುಂಬಿಕೊಂಡು ಊರಾಚೆ ಬಿಟ್ಟು ಬಂದರೆ ತೀರಿತೇ? ಈ ಆಟ ನೋಡದ ಊರುಂಟೇ! ನಾಲ್ಕು ದಿನ ಬೀದಿ ಖಾಲಿ. ಐದನೇ ದಿನ ಪಕ್ಕದ ಬಡಾವಣೆಯ ನಾಯಿಗಳು ಹಾಜರ್. ಕೋಳಿ ಪುಕ್ಕ, ಹೋಟೆಲ್ ಎಂಜಲು, ಕಲ್ಯಾಣಮಂಟಪದ ಎಲೆ ಎಲ್ಲಿವೆಯೋ ಅಲ್ಲಿ ನಾಯಿ ಇದ್ದೇ ಇರುತ್ತದೆ. ಅದಕ್ಕೇ 2001ರ ನಿಯಮ, ಅದರ ಜಾಗಕ್ಕೆ ಬಂದ 2023ರ ನಿಯಮ, ಎರಡೂ ಹೇಳುವುದು ಒಂದೇ: ಆಪರೇಷನ್ ಮಾಡಿ, ಲಸಿಕೆ ಹಾಕಿ, ಕಿವಿ ತುದಿ ಕತ್ತರಿಸಿ ಗುರುತು ಮಾಡಿ, ಅದೇ ಜಾಗಕ್ಕೆ ಬಿಡಿ. ಸುಪ್ರೀಂ ಕೋರ್ಟು 2025ರ ಆಗಸ್ಟಿನಲ್ಲಿ ಇದನ್ನು ಒಪ್ಪಿತು, ರೇಬೀಸ್ ತಗಲಿದ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು. ಅದೇ ವರ್ಷ ನವೆಂಬರಿನಲ್ಲಿ ಇನ್ನೊಂದು ಆದೇಶ ಬಂತು: ಶಾಲೆ, ಆಸ್ಪತ್ರೆ, ಆಟದ ಮೈದಾನ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ಗಳಿಂದ ನಾಯಿ ತೆಗೆದು ಆಶ್ರಯಕ್ಕೆ ಸೇರಿಸಿ, ಅಲ್ಲಿಗೆ ಮತ್ತೆ ಬಿಡಬೇಡಿ.

ಸರಿ, ಆದೇಶಕ್ಕೆ ತಲೆಬಾಗೋಣ. ಆದರೆ ಆಶ್ರಯ ಎಲ್ಲಿದೆ? ಯಾರು ಕಟ್ಟಿದ್ದಾರೆ? ಹಿಡಿಯಲು ಕಲಿತ ಆಳುಗಳು ಎಷ್ಟು ಮಂದಿ, ಆಪರೇಷನ್ ಮಾಡುವ ಡಾಕ್ಟರು ಎಷ್ಟು ಮಂದಿ? ಕಾಗದದ ಮೇಲೆ ಮಾತ್ರ ಆಶ್ರಯ ಇದ್ದರೆ, ಆದೇಶದ ಹೆಸರಿನಲ್ಲಿ ನಾಯಿಗಳು ರಾತ್ರೋರಾತ್ರಿ ಗುಂಡಿ ಸೇರುತ್ತವೆ. ಆ ಭಯ ನನಗಿದೆ, ಸುಳ್ಳಾಗಲಿ.

ಕಾಯ್ದೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮೂಕ ಪ್ರಾಣಿಯನ್ನು ಹೊಡೆದು ಹಿಂಸಿಸಿದವನಿಗೆ 1960ರ ಕಾಯ್ದೆ ಪ್ರಕಾರ ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಹೌದು, ಐವತ್ತೇ! ಇವತ್ತು ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ ಕುಡಿದರೆ ಅದಕ್ಕಿಂತ ಜಾಸ್ತಿ ಬಿಲ್ ಆಗುತ್ತದೆ. ಕೊಂದರೆ, ಅಂಗ ಊನ ಮಾಡಿದರೆ ಮಾತ್ರ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಜೈಲು. ಗಾಡಿ ಹೊಡೆಯುವವರಿಗೂ 1965ರಿಂದ ನಿಯಮ ಇದೆ: ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಬಾರದು. ಏಪ್ರಿಲ್ ಮಧ್ಯಾಹ್ನ ಮಂಡಿಯ ಮುಂದೆ ನಿಂತು ನೋಡಿ, ಎಷ್ಟು ಎತ್ತುಗಳಿಗೆ ಈ ನಿಯಮ ಗೊತ್ತಿದೆ ಅಂತ.

ಅಂಗಡಿ ಮಾಲೀಕರಲ್ಲಿ ನನ್ನದು ದೊಡ್ಡ ಬೇಡಿಕೆಯೇನಲ್ಲ. ಎಂಜಲನ್ನು ಚರಂಡಿ ಬದಿಗೆ ಸುರಿಯದೆ ಡಬ್ಬಕ್ಕೆ ಹಾಕಿ. ನಿಮ್ಮ ಬಾಗಿಲು ಕಾಯುವ ನಾಯಿಯ ಕಿವಿ ಕತ್ತರಿಸಿದೆಯೇ ನೋಡಿ, ಇಲ್ಲದಿದ್ದರೆ ಅದಕ್ಕೆ ಆಪರೇಷನ್ ಆಗಿಲ್ಲ ಅಂತ ತಿಳಿದು ಸಂಬಂಧಪಟ್ಟವರಿಗೆ ಅರ್ಜಿ ಕೊಡಿ. ಒಬ್ಬರ ಅರ್ಜಿ ಕಡತದಲ್ಲಿ ಮಲಗುತ್ತದೆ. ಇಡೀ ಬಜಾರಿನವರು ಸಹಿ ಹಾಕಿದರೆ ಅಷ್ಟು ಸುಲಭಕ್ಕೆ ಮಲಗುವುದಿಲ್ಲ. ಸಂಬಂಧಪಟ್ಟವರೂ ಅಷ್ಟೇ, ಆಶ್ರಯಕ್ಕೆ ಜಾಗ ಯಾವುದು, ಹಣ ಎಷ್ಟು, ಯಾವತ್ತು ಶುರು ಅಂತ ಈ ತಿಂಗಳೊಳಗೆ ಊರಿಗೆ ಹೇಳಲಿ. ಹೇಳಿದರೆ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ. ಹೇಳದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.

ಆ ಕಂದು ನಾಯಿ ಏನಾಯಿತು ಅಂತ ಅಜ್ಜಿಯನ್ನು ಕೇಳಿದೆ. ‘ಮಧ್ಯಾಹ್ನದವರೆಗೂ ಇತ್ತಪ್ಪ. ಗಿರಾಕಿ ನೋಡ್ತಾ ಇದ್ದೆ, ಆಮೇಲೆ ತಿರುಗಿ ನೋಡಿದ್ರೆ ಇಲ್ಲ. ಪಶು ಆಸ್ಪತ್ರೆ ಫೋನ್ ನಂಬರ್ ಯಾರ ಹತ್ರಾನೂ ಇರ್ಲಿಲ್ಲ’ ಅಂದರು. ನಿನ್ನೆ ಒಂದು ರಟ್ಟಿನ ಮೇಲೆ ಆ ನಂಬರ್ ದಪ್ಪಗೆ ಬರೆದು ಅವರ ಅಂಗಡಿ ಕಂಬಕ್ಕೆ ಕಟ್ಟಿ ಬಂದೆ. ಗೋಣಿಚೀಲವನ್ನು ಅಜ್ಜಿ ಒಗೆದು ಒಣಹಾಕಿದ್ದರು.