ಕಾವು ತಾಯಿಯದು, ಕಾವಲು ನಮ್ಮದು

2024ರ ಮೃಗಶಿರಾ ಮಳೆಯ ದಿನಗಳಲ್ಲಿ ನಮ್ಮ ಮನೆಯ ಕಂದುಬಣ್ಣದ ಹೆಣ್ಣುಬಾತು ಕಾಣೆಯಾಯಿತು. ಅಡಕೆ ತೋಟದ ಬಸಿಗಾಲುವೆ, ಗದ್ದೆಯ ಅಂಚು, ಕೆರೆಯ ದಡ ಎಲ್ಲವನ್ನೂ ಹುಡುಕಿದೆವು. ಕಾಡುಬೆಕ್ಕಿನ ಪಾಲಾಗಿರಬೇಕೆಂದು ಆಸೆ ಬಿಟ್ಟ ಮೂರನೆಯ ದಿನ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ದರಗಿನ ರಾಶಿಯ ನಡುವೆ ಅದು ಕುಳಿತಿರುವುದನ್ನು ನೆರೆಮನೆಯ ಅಜ್ಜಿ ಕಂಡರು. ದಿನಕ್ಕೊಂದರಂತೆ ಗುಟ್ಟಾಗಿ ಇಟ್ಟ ಹನ್ನೊಂದು ಮೊಟ್ಟೆಗಳು ಅದರ ಅಡಿಯಲ್ಲಿದ್ದವು. ತನ್ನ ಎದೆಯ ಮೃದುವಾದ ಪುಕ್ಕವನ್ನು ತಾನೇ ಕಿತ್ತು ಗೂಡಿಗೆ ಹಾಸಿತ್ತು. ಕೈ ಚಾಚಿದರೆ ಹಾವಿನಂತೆ ಬುಸುಗುಟ್ಟಿತು.

ಕೃಷಿ ವಿಜ್ಞಾನವನ್ನು ಓದಿದ ನನಗೆ ಹೊಳೆದ ಮೊದಲ ಯೋಚನೆಯೆಂದರೆ ಮೊಟ್ಟೆಗಳನ್ನು ತೆಗೆದು ವಿದ್ಯುತ್ತಿನ ಕಾವುಪೆಟ್ಟಿಗೆಯಲ್ಲಿಡುವುದು. ಮಳೆಗಾಲ, ಸೋರುವ ಕೊಟ್ಟಿಗೆ, ಸುತ್ತ ಮುಂಗುಸಿಗಳ ಓಡಾಟ. ಅಜ್ಜಿ ಹೇಳಿದ್ದು ಒಂದೇ ಮಾತು: "ಕೂತಿರೋದು ಅದು, ನಿಮಗ್ಯಾಕೆ ಅವಸರ?" ಆ ಮಾತಿಗೆ ಉತ್ತರಿಸಲು ನನ್ನಲ್ಲಿ ನೈತಿಕ ಬಲವಿರಲಿಲ್ಲ. ಅದಕ್ಕೆ ಕಾರಣವಿದೆ.

ಸುಮಾರು ಹದಿನೈದು ವರ್ಷಗಳ ಹಿಂದೆ, ಒಂದು ಯೋಜನೆಯ ಅಂಗವಾಗಿ ನಾನೇ ಮುಂದೆ ನಿಂತು ನಮ್ಮ ಸುತ್ತಲಿನ ಕೆಲವು ಮನೆಗಳಿಗೆ ಖಾಕಿ ಕ್ಯಾಂಪ್‌ಬೆಲ್ ತಳಿಯ ಮರಿಗಳನ್ನು ಹಂಚಿಸಿದ್ದೆ. ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ತಳಿ ಉತ್ತಮ ಆರೈಕೆಯಲ್ಲಿ ವರ್ಷಕ್ಕೆ 300ರ ಸಮೀಪ ಮೊಟ್ಟೆಯಿಡಬಲ್ಲದು. ಎರಡು ವರ್ಷ ಮನೆಮನೆಯಲ್ಲೂ ಮೊಟ್ಟೆಗಳ ಸುಗ್ಗಿಯಾಯಿತು. ಹಳೆಯ ನಾಟಿ ಬಾತುಗಳನ್ನು ಜನ ಮಾರಿದರು, ಇಲ್ಲವೇ ಹಬ್ಬಕ್ಕೆ ಬೇಯಿಸಿದರು. ಮೂರನೆಯ ವರ್ಷ ಹೊಸ ಬಾತುಗಳು ವಯಸ್ಸಾಗಿ ಮೊಟ್ಟೆ ಕಡಿಮೆಯಾಯಿತು; ಅವುಗಳಲ್ಲಿ ಒಂದಾದರೂ ಕಾವಿಗೆ ಕೂರಲಿಲ್ಲ. ಮರಿ ಬೇಕಾದರೆ ದೂರದ ಊರಿನ ಮರಿಕೇಂದ್ರಕ್ಕೇ ಹೋಗಬೇಕಾಯಿತು. ಹೋಗಲಾಗದವರ ಅಂಗಳ ಬರಿದಾಯಿತು. ಅಜ್ಜಿಯ ಮನೆಯಲ್ಲಿ ಮಾತ್ರ ಒಂದು ಜೊತೆ ನಾಟಿ ಬಾತು ಉಳಿದಿತ್ತು. ನಮ್ಮ ಕಂದು ಬಾತು ಆ ಸಂತಾನದ್ದೇ.

ಈ ಅನುಭವದಿಂದ ನಾನು ಕಲಿತ ಪಾಠವನ್ನು ಮಲೆನಾಡಿನ ನನ್ನ ಬಂಧುಗಳ ಮುಂದೆ, ವಿಶೇಷವಾಗಿ ವಿದ್ಯಾರ್ಥಿಗಳ ಮುಂದೆ ಇಡಬೇಕೆನಿಸಿದೆ. ಕಾವಿಗೆ ಕೂರುವ ಗುಣ ಬಿತ್ತನೆ ಬೀಜದಂಥದು. ಬಳಸುತ್ತಿದ್ದರೆ ಉಳಿಯುತ್ತದೆ, ಬಳಸದೆ ಬಿಟ್ಟರೆ ಕೆಲವೇ ತಲೆಮಾರುಗಳಲ್ಲಿ ಕೈತಪ್ಪುತ್ತದೆ.

ಕಾವಿನ ಗುಣ ಕಳೆದುಹೋಗುವ ಬಗೆ

ಸಾಕಷ್ಟು ಮೊಟ್ಟೆಗಳು ಗೂಡಿನಲ್ಲಿ ಕೂಡಿದಾಗ ಹೆಣ್ಣುಬಾತಿನ ದೇಹದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪ್ರಮಾಣ ಏರುತ್ತದೆ. ಮೊಟ್ಟೆಯಿಡುವುದು ನಿಲ್ಲುತ್ತದೆ, ಹಸಿವು ಇಳಿಯುತ್ತದೆ, ಗೂಡು ಬಿಟ್ಟು ಏಳುವ ಮನಸ್ಸೇ ಆಗದು. ಮೊಟ್ಟೆಯ ಲೆಕ್ಕವನ್ನಷ್ಟೇ ನೋಡುವವನಿಗೆ ಇದು ನಷ್ಟದ ಕಾಲ. ಅತಿ ಹೆಚ್ಚು ಮೊಟ್ಟೆಯಿಟ್ಟ ಹಕ್ಕಿಗಳನ್ನೇ ಮುಂದಿನ ಪೀಳಿಗೆಗೆ ಆರಿಸುತ್ತ ಹೋದರೆ, ಕಾವಿಗೆ ಕೂತು ಮೊಟ್ಟೆ ನಿಲ್ಲಿಸುವ ತಾಯಂದಿರು ತಾವಾಗಿಯೇ ಆಯ್ಕೆಯಿಂದ ಹೊರಗುಳಿಯುತ್ತಾರೆ. ಅವರ ಕೆಲಸವನ್ನು ಯಂತ್ರ ವಹಿಸಿಕೊಂಡ ಕಾರಣ ಕೂರದ ಹಕ್ಕಿಯ ವಂಶಕ್ಕೆ ಯಾವ ತೊಡಕೂ ಇಲ್ಲ. ಬಿಳಿ ಲೆಗ್‌ಹಾರ್ನ್ ಕೋಳಿಯಲ್ಲಿ, ಖಾಕಿ ಕ್ಯಾಂಪ್‌ಬೆಲ್ ಬಾತಿನಲ್ಲಿ ನಡೆದದ್ದು ಇದೇ.

ಆ ತಳಿಗಳನ್ನು ನಾನು ಹಳಿಯುತ್ತಿಲ್ಲ. ಮೊಟ್ಟೆ ಮಾರಿಯೇ ಬದುಕು ನಡೆಸುವವರಿಗೆ ಅವು ಬೇಕು. ನಾಟಿ ಬಾತು ಅವುಗಳ ಅರ್ಧದಷ್ಟು ಮೊಟ್ಟೆಯನ್ನೂ ಇಡದಿರಬಹುದು. ಆದರೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆಯಲ್ಲಿರುವ ಊರು ನಮ್ಮದು. 37.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು 28 ದಿನ ಬಿಡದೆ ಕಾಯುವ ಪೆಟ್ಟಿಗೆ ಇಲ್ಲಿ ನಂಬಿಕೆಗೆ ಅರ್ಹವಲ್ಲ. ತಾಯಿಬಾತಿಗೆ ಕರೆಂಟು ಬೇಡ. ದಿನಕ್ಕೆ ಹಲವು ಬಾರಿ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತದೆ. ಒಂದೆರಡು ಸಲ ಎದ್ದು, ಪುಕ್ಕದಿಂದ ಮೊಟ್ಟೆ ಮುಚ್ಚಿ, ಮಿಂದು ಬಂದು, ತೇವವಾದ ಮೈಯಲ್ಲಿ ಮತ್ತೆ ಕೂರುತ್ತದೆ. ಬಾತಿನ ಮೊಟ್ಟೆಗೆ ಬೇಕಾದ ತೇವಾಂಶದ ಸಮಸ್ಯೆ ಅಲ್ಲಿಗೆ ಬಗೆಹರಿಯಿತು.

ಇಪ್ಪತ್ತೆಂಟು ದಿನಗಳ ಕಾವಲು

ಹಾಗಾದರೆ ಮನುಷ್ಯನ ಪಾತ್ರವೇನು? ಅಜ್ಜಿಯ ಮಾರ್ಗದರ್ಶನದಲ್ಲಿ ನಾವು ಮಾಡಿದ್ದಿಷ್ಟು. ಸೋರುವ ಜಾಗಕ್ಕೆ ತಗಡು ಹೊದಿಸಿದೆವು. ಗೂಡಿನ ಸುತ್ತ ಬಿದಿರಿನ ತಟ್ಟಿ ಕಟ್ಟಿ, ಸಂಜೆ ಮುಚ್ಚಿ, ಬೆಳಿಗ್ಗೆ ತೆರೆದೆವು. ಗೂಡನ್ನು ಕದಲಿಸಲಿಲ್ಲ. ಕದಲಿಸಲೇಬೇಕಾದರೆ ಕತ್ತಲಾದ ಮೇಲೆ ಮಾಡಬೇಕು; ಆಗಲೂ ಕೆಲವು ಬಾತುಗಳು ಗೂಡು ತೊರೆಯುತ್ತವೆ. ಕಾಳು ಮತ್ತು ನೀರನ್ನು ಗೂಡಿನಿಂದ ನಾಲ್ಕೈದು ಹೆಜ್ಜೆ ದೂರದಲ್ಲಿಟ್ಟೆವು. ಮೊಟ್ಟೆಗಳಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿದೆವು. ಬೇರೆ ಬಾತು ಬಂದು ಅಲ್ಲಿಯೇ ಮೊಟ್ಟೆಯಿಟ್ಟರೆ ಅದನ್ನು ಆಯ್ದು ತೆಗೆಯಲು ಇದು ಅಗತ್ಯ. ಇಲ್ಲದಿದ್ದರೆ ಮೊದಲ ಮರಿಗಳೊಡನೆ ತಾಯಿ ಎದ್ದುಹೋದಾಗ ತಡವಾಗಿ ಸೇರಿದ ಮೊಟ್ಟೆಗಳು ತಣ್ಣಗಾಗಿ ಹಾಳಾಗುತ್ತವೆ. ಎಂಟನೆಯ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಾಗ ಒಂಬತ್ತರಲ್ಲಿ ಜೇಡರ ಬಲೆಯಂಥ ರಕ್ತನಾಳಗಳು ಕಂಡವು. ಎರಡು ಬರಿದಾಗಿದ್ದವು, ತೆಗೆದೆವು.

ಮನೆಯಲ್ಲಿ ಕಾವಿನ ಬಾತು ಇಲ್ಲದವರು ಹೇಂಟೆಯ ಅಡಿಯಲ್ಲಿ ಬಾತಿನ ಮೊಟ್ಟೆಯಿಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಕೋಗಿಲೆಯ ಮೊಟ್ಟೆಗೆ ಕಾಗೆ ಕಾವು ಕೊಟ್ಟಂತೆ ಅದು ನಡೆಯುತ್ತದೆ. ಆದರೆ ಹೇಂಟೆಯ ಲೆಕ್ಕ 21 ದಿನ, ಬಾತಿನದು 28. ಹೆಚ್ಚುವರಿ ವಾರ ಅದು ಕೂರುವಂತೆ ನೋಡಿಕೊಳ್ಳಬೇಕು, ಮೊಟ್ಟೆ ದೊಡ್ಡದಾದ್ದರಿಂದ ಆಗಾಗ ಕೈಯಿಂದಲೇ ಹೊರಳಿಸಬೇಕು. ಮುಖದ ಮೇಲೆ ಕೆಂಪು ಗಂಟುಗಳಿರುವ, ಅಮೆರಿಕ ಖಂಡದ ಮೂಲದ ಮಸ್ಕೋವಿ ಬಾತು ಸಾಕಿದವರು 35 ದಿನ ಕಾಯಬೇಕು.

ಪುನರ್ವಸು ಮಳೆ ಬಿಡದೆ ಸುರಿಯುತ್ತಿದ್ದ ಜುಲೈ ತಿಂಗಳ ಒಂದು ರಾತ್ರಿ ಚಿಪ್ಪುಗಳು ಬಿರಿಯತೊಡಗಿದವು. ಒಂಬತ್ತರಲ್ಲಿ ಒಂದು ಒಳಗೇ ಸತ್ತಿತ್ತು. ಮರುದಿನ ಸಂಜೆಯ ಹೊತ್ತಿಗೆ ಏಳು ಮರಿಗಳು ತಾಯಿಯ ರೆಕ್ಕೆಯಡಿ ಸೇರಿದ್ದವು. ಎಂಟನೆಯದು ಚಿಪ್ಪಿನಲ್ಲೊಂದು ತೂತು ಕೊರೆದು ಸುಮ್ಮನಾಗಿತ್ತು. ತಾಳಲಾರದೆ ನಾನು ಉಗುರಿನಿಂದ ಚಿಪ್ಪು ಸುಲಿದೆ. ಒಳಪೊರೆಯಿಂದ ರಕ್ತ ಜಿನುಗಿತು. ಹೊಟ್ಟೆಯೊಳಕ್ಕೆ ಸೇರಬೇಕಿದ್ದ ಭಂಡಾರ ಇನ್ನೂ ಹೊರಗೇ ಇತ್ತು. ಅರ್ಧ ಗಂಟೆಯಲ್ಲಿ ಮರಿ ನನ್ನ ಅಂಗೈಯಲ್ಲಿ ಸತ್ತಿತು. ಮೊದಲ ಬಿರುಕಿನಿಂದ ಪೂರ್ಣ ಬಿಡುಗಡೆಯವರೆಗೆ ಒಂದರಿಂದ ಎರಡು ದಿನ ಹಿಡಿಯಬಹುದು; ಆ ಅವಧಿಯಲ್ಲಿ ಪೊರೆಯ ರಕ್ತವೂ ಭಂಡಾರವೂ ಮರಿಯ ದೇಹಕ್ಕೆ ಸೇರುತ್ತವೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಇತರರಿಗೆ ಪಾಠವನ್ನೂ ಮಾಡಿದ್ದೆ. ಅಜ್ಜಿ ಏನನ್ನೂ ಹೇಳಲಿಲ್ಲ. ನೆರವಿಗೂ ಹಸ್ತಕ್ಷೇಪಕ್ಕೂ ಇರುವ ಅಂತರವನ್ನು ಆ ದಿನದಷ್ಟು ಸ್ಪಷ್ಟವಾಗಿ ನಾನೆಂದೂ ಕಂಡಿರಲಿಲ್ಲ.

ಮರಿಗಳ ಪಾಲನೆ

ಭಂಡಾರದ ಆಧಾರವಿರುವುದರಿಂದ ಮೊದಲ ದಿನ ಮರಿಗೆ ಆಹಾರದ ಅವಸರವಿಲ್ಲ. ಬಳಿಕ ಕೊಡುವುದರಲ್ಲಿ ಎರಡು ಎಚ್ಚರಗಳು ಬೇಕು. ಬಾತಿನ ಮರಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಎಂಬ ಜೀವಸತ್ವ ಬೇಕು. ಬಿಳಿ ನುಚ್ಚಕ್ಕಿಯೊಂದನ್ನೇ ಹಾಕಿದರೆ ಕೆಲವೇ ವಾರಗಳಲ್ಲಿ ಕಾಲು ಸೊಟ್ಟಗಾಗಿ ಮರಿ ಕುಂಟುತ್ತದೆ. ತೌಡಿನಲ್ಲಿ ನಯಾಸಿನ್ ಇದೆಯಾದರೂ ಅದು ಪೂರ್ತಿಯಾಗಿ ದಕ್ಕುವುದಿಲ್ಲ. ಜೊತೆಗೆ ಎರೆಹುಳು, ಮೀನಿನ ಚೂರು, ಸೊಪ್ಪು ಇರಬೇಕು. ತಾಯಿಯೊಡನೆ ಗದ್ದೆಯಂಚಿನಲ್ಲಿ ಮೇಯುವ ಮರಿ ಇದರಲ್ಲಿ ಬಹುಪಾಲನ್ನು ತಾನೇ ಹುಡುಕಿಕೊಳ್ಳುತ್ತದೆ.

ಎರಡನೆಯದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಹಠಾತ್ತನೆ ಸತ್ತವು. ಬಾತಿನ ಮರಿಗಳೂ ಸತ್ತವು. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಶಿಲೀಂಧ್ರದ ವಿಷವೇ ಕಾರಣವೆಂದು ತಿಳಿಯಿತು. ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆ ಶೋಧನೆಯಿಂದ. ಈ ವಿಷಕ್ಕೆ ಬಾತಿನ ಮರಿ ಎಷ್ಟು ಸೂಕ್ಷ್ಮವೆಂದರೆ, ವಿಷವನ್ನು ಪತ್ತೆಹಚ್ಚಲು ವಿಜ್ಞಾನಿಗಳು ಒಂದು ದಿನದ ಬಾತಿನ ಮರಿಗಳನ್ನೇ ಬಳಸುತ್ತಿದ್ದರು. ಮೂರು ತಿಂಗಳು ಬಿಸಿಲು ಕಾಣದ ನಮ್ಮ ಅಟ್ಟಗಳಲ್ಲಿ ಹಿಂಡಿ, ಜೋಳ ಬೂಷ್ಟು ಹಿಡಿಯುವುದು ಸಹಜ. ಅಂಥದ್ದನ್ನು ತೊಳೆದು, ಬೇಯಿಸಿ ಹಾಕಿದರೂ ವಿಷ ಹೋಗದು. ಎಸೆಯುವುದೇ ಸರಿ.

ಕುಡಿಯುವ ನೀರು ಮೂಗಿನ ಹೊಳ್ಳೆ ಮುಳುಗುವಷ್ಟು ಇರಬೇಕು, ಮರಿ ಮುಳುಗುವಷ್ಟು ಇರಬಾರದು. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿದರೆ ಸಾಕು. ತಾಯಿಯಿಲ್ಲದ ಮರಿ ನೀರಿಗಿಳಿದರೆ ಬೇಗನೆ ತೊಯ್ದು ಚಳಿಹಿಡಿದು ಸಾಯಬಹುದು. ತಾಯಿಯಿದ್ದರೆ ಎಷ್ಟು ಹೊತ್ತು ಈಜಬೇಕು, ಯಾವಾಗ ರೆಕ್ಕೆಯಡಿ ಬೆಚ್ಚಗಾಗಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ.

ತಾಯಿಯ ಪಾತ್ರ ಇಷ್ಟಕ್ಕೇ ಮುಗಿಯದು. ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಗಳು ತಾವು ಮೊದಲು ಕಂಡವರನ್ನೇ ತಾಯಿಯೆಂದು ಹಿಂಬಾಲಿಸುವುದನ್ನು ಆಸ್ಟ್ರಿಯದ ಕಾನ್ರಾಡ್ ಲೊರೆಂಟ್ಸ್ ವಿವರವಾಗಿ ಅಧ್ಯಯನ ಮಾಡಿದರು. 1973ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡ ಮೂವರಲ್ಲಿ ಅವರೊಬ್ಬರು. ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್ ಇನ್ನೂ ಹಿಂದಕ್ಕೆ ಹೋಗಿ, ಚಿಪ್ಪಿನೊಳಗಿರುವಾಗಲೇ ಬಾತಿನ ಮರಿ ಸದ್ದು ಮಾಡುತ್ತದೆ, ಆ ಸದ್ದನ್ನು ತಾನೇ ಆಲಿಸುತ್ತದೆ, ಆ ಆಲಿಕೆ ತಪ್ಪಿದರೆ ತನ್ನ ಜಾತಿಯ ತಾಯಿಯ ಕರೆಯನ್ನು ಗುರುತಿಸಲು ಎಡವುತ್ತದೆ ಎಂದು ಪ್ರಯೋಗಗಳಿಂದ ತೋರಿಸಿದರು. ಗಿಡುಗನ ನೆರಳು ಬಿದ್ದಾಗ ತಾಯಿ ಒಂದು ಸಣ್ಣ ಸದ್ದು ಮಾಡಿದರೆ ನಮ್ಮ ಏಳೂ ಮರಿಗಳು ಕೆಸುವಿನ ಎಲೆಯಡಿ ಮಾಯವಾಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಶಿಕ್ಷಣವನ್ನು ಯಾವ ಪೆಟ್ಟಿಗೆಯೂ ಕೊಡಲಾರದು.

ಒಂದು ಮರಿಯನ್ನು ಮುಂಗುಸಿ ಒಯ್ದಿತು. ಮನೆಯವರು ಉರುಳು ಒಡ್ಡೋಣವೆಂದರು. ನಾನು ಒಪ್ಪಲಿಲ್ಲ. ಮುಂಗುಸಿ, ಉಡ, ಪುನುಗುಬೆಕ್ಕುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಪಡೆದ ಜೀವಿಗಳು ಎಂಬುದೊಂದು ಕಾರಣ. ತಟ್ಟಿಯ ತೂತನ್ನು ಮುಚ್ಚದೆ ಬಿಟ್ಟ ತಪ್ಪು ನಮ್ಮದು ಎಂಬುದು ಇನ್ನೊಂದು.

ಪರಿಸರದ ಮಾತನಾಡುವವರು ಮತ್ತೊಂದನ್ನೂ ಮರೆಯಬಾರದು. ಬಾತುಗಳು ತೋಟದ ಗೊಂಡೆಹುಳು, ಸಣ್ಣ ಬಸವನಹುಳುಗಳನ್ನು ತಿಂದು ಉಪಕಾರ ಮಾಡುತ್ತವೆ. ಆದರೆ ಅವುಗಳನ್ನು ಕಾಡಿನ ಹಳ್ಳಗಳಿಗೆ ಬಿಡಕೂಡದು. ಪಶ್ಚಿಮಘಟ್ಟದ ಅನೇಕ ಕಪ್ಪೆಗಳು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಬಾತಿಗಾದರೋ ಗೊದಮೊಟ್ಟೆಯೂ ಒಂದೇ, ಹುಳುವೂ ಒಂದೇ. ಅದರ ಮೇವು ಗದ್ದೆ, ತೋಟ, ಊರಕೆರೆಗಳಿಗೆ ಸೀಮಿತವಾಗಿರಲಿ.

ನಾವು ಮಾಡಬಹುದಾದದ್ದು

ಅಸ್ಸಾಮಿನ ಪಾತಿ ಬಾತು, ಬಿಹಾರದ ಮೈಥಿಲಿ ಬಾತುಗಳಿಗೆ ದೇಶೀ ತಳಿಗಳೆಂಬ ನೋಂದಣಿ ದೊರೆತಿದೆ. ನಮ್ಮ ಕೇರಿಯ ಕಂದು ಬಾತನ್ನು ನಾವು ಕರೆಯುವುದು 'ನಾಟಿ' ಎಂದಷ್ಟೇ. ಹೆಸರಿಲ್ಲದ ಆಸ್ತಿಯನ್ನು ಕಾಯುವ ಹೊಣೆ ಅದನ್ನು ಸಾಕಿದವರದೇ. ಯಾವ ತಳಿಯನ್ನಾದರೂ ಸಾಕಿ, ಆದರೆ ಪ್ರತಿ ಊರಿನಲ್ಲೂ ಕಾವಿಗೆ ಕೂರುವ ಎರಡು ಮೂರು ಹೆಣ್ಣುಗಳು ಉಳಿದಿರಲಿ. ಕಾವಿಗೆ ಕೂತ ಬಾತನ್ನು, ಹೇಂಟೆಯನ್ನು ನೀರಿಗೆ ಮುಳುಗಿಸಿ, ಮೂಗಿಗೆ ಗರಿ ಚುಚ್ಚಿ ಕಾವು ಬಿಡಿಸುವ ಪದ್ಧತಿ ನಿಲ್ಲಲಿ. ಚೆನ್ನಾಗಿ ಮರಿ ಮಾಡಿದ ತಾಯಿಯ ಮಕ್ಕಳನ್ನೇ ಸಂತಾನಕ್ಕೆ ಉಳಿಸಿಕೊಳ್ಳಿ. ಹತ್ತಿರದ ರಕ್ತಸಂಬಂಧದಿಂದ ವಂಶ ಕ್ಷೀಣಿಸದಂತೆ ಗಂಡುಬಾತುಗಳನ್ನು ಊರಿನಿಂದ ಊರಿಗೆ ವಿನಿಮಯ ಮಾಡಿಕೊಳ್ಳಿ. ಬೀಜ ಮೇಳಗಳಲ್ಲಿ ಭತ್ತದ ತಳಿಗಳನ್ನು ಹಂಚಿಕೊಳ್ಳುವ ನಮಗೆ ಇದು ಕಷ್ಟವೇನಲ್ಲ. ವಿದ್ಯಾರ್ಥಿಗಳು ಒಂದು ಕಾವಿನ ಗೂಡನ್ನು ಆರಿಸಿಕೊಂಡು, ದೂರದಿಂದಲೇ, 28 ದಿನಗಳ ದಿನಚರಿ ಬರೆಯಲಿ. ಯಾವ ಬಾತು ಎಷ್ಟು ಮರಿ ಮಾಡಿತು ಎಂಬ ಲೆಕ್ಕ ಈಗ ಅಜ್ಜಿಯರ ನೆನಪಿನಲ್ಲಷ್ಟೇ ಇದೆ. ಅದು ಕಾಗದಕ್ಕೆ ಇಳಿಯಬೇಕು.

ಅಂದು ಉಳಿದ ಆರು ಮರಿಗಳಲ್ಲಿ ನಾಲ್ಕು ಹೆಣ್ಣು. ಅವುಗಳಲ್ಲಿ ಮೂರನ್ನು, ಹಿಂದೆ ನಾನು ಖಾಕಿ ಮರಿಗಳನ್ನು ಹಂಚಿದ್ದ ಮನೆಗಳಿಗೇ ಕೊಟ್ಟೆ. ಸಾಲ ತೀರಿತೆಂದು ಹೇಳಲಾರೆ. ಆದರೆ 2025ರ ಮಳೆಗಾಲದಲ್ಲಿ ಆ ಮನೆಗಳಲ್ಲೊಂದರ ಯಜಮಾನಿತಿ ದಾರಿಯಲ್ಲಿ ನಿಲ್ಲಿಸಿ, ತಮ್ಮ ಬಾತು ಹುಲ್ಲುಗೊಣಬೆಯ ಸಂದಿಯಲ್ಲಿ ಹತ್ತು ಮೊಟ್ಟೆಗಳ ಮೇಲೆ ಕೂತಿದೆಯೆಂದೂ, ಏನು ಮಾಡಬೇಕೆಂದೂ ಕೇಳಿದರು. ಮೇಲೆ ತಗಡು ಹೊದಿಸಿ, ಸುತ್ತ ತಟ್ಟಿ ಕಟ್ಟಿ, ಉಳಿದದ್ದನ್ನು ಅದಕ್ಕೇ ಬಿಡಿ ಎಂದೆ.